ಬಳೆ ಹಿಡಿದು ನಿಂತವನು

ಯಾಡಿ ರೊಟ್ಟಿ ತಟ್ಟುವಾಗ ಬರುವ ಬಳೆ ಸದ್ದಿನಿಂದಲೇ ಆ ದಿನ ಮನೆ ಹೇಗಿರುತ್ತದೆಂದು ನನಗೆ ತಿಳಿಯುತ್ತಿತ್ತು. ನಮ್ಮ ಲಂಬಾಣಿ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುತ್ತೇವೆ. ಸದ್ದು ಒಂದೇ ಸಮನೆ ಬರುತ್ತಿದ್ದರೆ ಹೆದರಬೇಕಾಗಿರಲಿಲ್ಲ. ತಡೆತಡೆದು ಬಂದರೆ ದಾದಿಯ ಜೊತೆ, ಅಂದರೆ ಅಪ್ಪನ ತಾಯಿಯ ಜೊತೆ, ಏನೋ ಮಾತು ಬೆಳೆದಿದೆ ಎಂದು ಅರ್ಥ. ಪೂರ್ತಿ ನಿಂತುಹೋದರೆ ನಾನು ಕೌದಿ ಸರಿಸಿ ಒಲೆಯ ಹತ್ತಿರ ಓಡುತ್ತಿದ್ದೆ. ಶಿಕಾರಿಪುರದಿಂದ ಈಸೂರಿನ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದ್ದ ತಾಂಡಾದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಜೋಳದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಅದನ್ನೇ ನಡುಗೋಡೆ ಮಾಡಿಕೊಂಡಿದ್ದೆವು. ಚೀಲಗಳ ಆಚೆ ಒಲೆ, ಈಚೆ ಹಾಸಿಗೆ. ಸುಗ್ಗಿ ಮುಗಿದ ಹೊಸದರಲ್ಲಿ ಆ ಗೋಡೆ ಎತ್ತರವಾಗಿರುತ್ತಿತ್ತು. ಬೇಸಿಗೆ ಬರುವಷ್ಟರಲ್ಲಿ ಕುಗ್ಗಿ, ಮಲಗಿದಲ್ಲಿಂದಲೇ ಯಾಡಿಯ ಮುಖ ಕಾಣುತ್ತಿತ್ತು. ಹೊಸ್ತಿಲ ಪಕ್ಕದಲ್ಲಿ ದಾದಿ ಕೂತಿರುತ್ತಿದ್ದಳು. ಅವಳನ್ನು ದಾಟದೆ ಯಾರೂ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವಂತೆಯೂ ಇರಲಿಲ್ಲ.

ಸದ್ದು ಮಾಡುತ್ತಿದ್ದವು ಮುಂಗೈ ಬಳೆಗಳು. ಮೊಣಕೈ ಮೇಲೆ ಇನ್ನೊಂದು ಸಾಲು ಬಿಳಿ ಬಳೆಗಳಿದ್ದವು, ಅವು ಅಲುಗಾಡುತ್ತಿರಲಿಲ್ಲ. ಮದುವೆಯಲ್ಲಿ ಎಣ್ಣೆ ಹಚ್ಚಿ ಏರಿಸಿದವು, ತೋಳು ತುಂಬಿಕೊಂಡ ಮೇಲೆ ಬಿಗಿಯಾಗಿ ಮೈಯ ಭಾಗವೇ ಆಗಿಬಿಟ್ಟಿದ್ದವು. ದಾದಿಯ ಕಾಲದಲ್ಲಿ ಅವು ದಂತದವಂತೆ. ಯಾಡಿಯವು ಸಂತೆಯಲ್ಲಿ ತಂದ ಪ್ಲಾಸ್ಟಿಕ್‌ನವು. ಯಾವುದರದ್ದೇ ಆಗಲಿ, ಗಂಡ ಬದುಕಿರುವ ತನಕ ತೆಗೆಯುವಂತಿಲ್ಲ. ಮಲಗುವಾಗ, ಮೀಯುವಾಗ, ಹೆರುವಾಗ ಕೂಡ ಅವು ಅಲ್ಲೇ ಇರಬೇಕು. ಗಂಡ ಸತ್ತ ದಿನ ಹೆಂಗಸರು ಸೇರಿ ತೆಗೆಯುತ್ತಾರೆ. ದಾದಿಯ ತೋಳು ಖಾಲಿ ಇತ್ತು. ಎಂಥ ಸೆಕೆಯಲ್ಲೂ ಅವಳು ಅದರ ಮೇಲೆ ಸೆರಗು ಎಳೆದುಕೊಂಡೇ ಇರುತ್ತಿದ್ದಳು.

ಯಾಡಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮದುವೆಯಾದ ಮೇಲೆ ನಾನು ಸೊರಬ ತಾಲ್ಲೂಕಿಗೆ ಬಂದೆ, ಜಡೆ ಎಂಬ ಊರಿನ ಕಡೆ. ಅಂಗನವಾಡಿಯಲ್ಲಿ ಕೆಲಸ ಮಾಡಿ ಈಚೆಗೆ ಮನೆಯಲ್ಲಿದ್ದೇನೆ. ಅವಳು ಹೋದ ಮೇಲೆ ಹಗಲು ಹೊತ್ತು ಕಳೆಯುವುದು ಕಷ್ಟವಾಯಿತು. ಆಗ ಒಬ್ಬ ಡಾಕ್ಟರ್ ಹುಡುಗಿ ಬಂದಳು. ತಾಂಡಾದ ಹೆಂಗಸರು ಆಸ್ಪತ್ರೆಗೆ ಯಾಕೆ ತಡವಾಗಿ ಬರುತ್ತಾರೆ ಎಂಬುದರ ಮೇಲೆ ಅವಳ ಓದು. ನಮ್ಮ ಮಾತು ಬರುವವರು ಜೊತೆಗೆ ಬೇಕಿತ್ತು, ನಾನು ಹೊರಟೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ತಾಂಡಾಗಳಲ್ಲಿ ಮುದುಕಿಯರ ಮುಂದೆ ಕೂತು ಅವಳು ಕೇಳಿದ್ದನ್ನು ನಾನು ಕೇಳುತ್ತಿದ್ದೆ. ಒಳ್ಳೆಯ ಹುಡುಗಿ. ಕಾಯಿಲೆಯ ಮಾತಿಗೆ ಮುಂಚೆ ಅವರ ಹಿರಿಯರು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿದ್ದು, ಯಾವ ಊರಲ್ಲಿ ಏನು ಕಳುವಾದರೂ ಮೊದಲು ಇವರನ್ನೇ ಹಿಡಿಯುತ್ತಿದ್ದುದು, ಎಲ್ಲ ಸಮಾಧಾನವಾಗಿ ಕೇಳುತ್ತಿದ್ದಳು. ಒಂದು ಸಂಜೆ ಆನವಟ್ಟಿಯಿಂದ ಬಸ್ಸಿನಲ್ಲಿ ಬರುವಾಗ ನನ್ನ ಕಡೆ ತಿರುಗಿದಳು.

"ಅಮ್ಮಾ, ನಿಮ್ಮ ತಾಯೀನೂ ಕೊನೆಕೊನೆಗೆ ಬಿ.ಪಿ. ತೋರಿಸೋದು ಬಿಟ್ಟಿದ್ರು ಅಂದ್ರಲ್ಲ. ಯಾಕೆ?"

ನಾನು ಕಿಟಕಿಯ ಆಚೆ ನೋಡಿ, "ಜಡೆ ಬಂತು, ಇಳಿಯೋಣ" ಎಂದೆ. ಊರು ಇನ್ನೂ ದೂರ ಇತ್ತು. ಅವಳ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನು ಚಿಕ್ಕವಳಿದ್ದಾಗಿನ ಒಂದು ಚಳಿಗಾಲದಿಂದ ಶುರು ಮಾಡಬೇಕಿತ್ತು.

ಆ ವರ್ಷ ದೀಪಾವಳಿ ಮುಗಿದ ಕೂಡಲೇ ಬಾಪು, ಅಂದರೆ ನನ್ನಪ್ಪ, ಎಂದಿನಂತೆ ಕಬ್ಬು ಕಡಿಯುವವರ ಗುಂಪಿನ ಜೊತೆ ದಾವಣಗೆರೆಯ ಆಚೆ ಹೋದ. ಯಾಡಿ ಬಸುರಿ, ಅದಕ್ಕೇ ಅವಳು ಹೋಗಲಿಲ್ಲ. ನನ್ನ ನಂತರ ಹುಟ್ಟಿದವು ಉಳಿದಿರಲಿಲ್ಲ. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಎಲ್ಲೋ ಏನೋ ಎಚ್ಚರವಾಗಿಬಿಡುತ್ತದೆ ಎನ್ನುವ ಹಾಗೆ. ಸಂಕ್ರಾಂತಿಯ ಹೊತ್ತಿಗೆ ಯಾಡಿಯ ಕಾಲು ಊದಿದವು. ಕಾಲುಂಗುರದ ಸುತ್ತ ಮಾಂಸ ಉಬ್ಬಿ ನಿಂತಿತು. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಕೂತವಳು ಕೈ ನಿಲ್ಲಿಸಿ, ಹಣೆಯನ್ನು ಚೀಲಕ್ಕೆ ಒತ್ತಿಕೊಂಡು ಸುಮ್ಮನೆ ಇರುತ್ತಿದ್ದಳು. ಸದ್ದು ನಿಂತಿತೆಂದು ನಾನು ಓಡಿ ಹೋದರೆ, "ಏನಿಲ್ಲ, ತಲೆ ಹಿಡಿದೈತಿ, ಹೋಗಿ ಅಂಬಲಿ ಕುಡಿ" ಎನ್ನುತ್ತಿದ್ದಳು.

ಆ ದಿನಗಳಲ್ಲಿ ನಮ್ಮ ಕಡೆಯ ಊರುಗಳಿಗೆ ಒಬ್ಬ ನರ್ಸಮ್ಮ ಸೈಕಲ್ ಮೇಲೆ ಬರುತ್ತಿದ್ದರು. ದಪ್ಪ ಕನ್ನಡಕ, ಬಿಳಿ ಸೀರೆ, ಕ್ಯಾರಿಯರ್‌ನಲ್ಲಿ ಒಂದು ಚೀಲ. ಅವರು ತಾಂಡಾದೊಳಗೆ ಬರುತ್ತಿದ್ದುದು ಕಡಿಮೆ. ಬಂದರೆ ಹೆಂಗಸರು ಹಿತ್ತಲಿನಿಂದ ಹೊಲದ ಕಡೆ ಹೋಗಿಬಿಡುತ್ತಿದ್ದರು. ಅವತ್ತು ಸೈಕಲ್ ನಮ್ಮ ಬಾಗಿಲಲ್ಲೇ ನಿಂತಿತು. ದಾದಿ ಕೂತಲ್ಲಿಂದ ಏಳಲಿಲ್ಲ.

"ಏನು ಕಳೀತಂತೆ?" ಎಂದು ಕೇಳಿದಳು.

ಸರಕಾರದ ಬಟ್ಟೆ ತೊಟ್ಟ ಯಾರೇ ಬಂದರೂ ದಾದಿಯ ಮೊದಲ ಮಾತು ಅದೇ. ನರ್ಸಮ್ಮ ನಕ್ಕರು.

"ಏನೂ ಕಳೆದಿಲ್ಲ ಅಜ್ಜಿ. ನಿಮ್ಮ ಸೊಸಿ ನೋಡೋಕೆ ಬಂದೀನಿ. ಮಗಳು ಸಾಲ್ಯಾಗ ಟೀಚರಿಗೆ ಹೇಳ್ಯಾಳಂತೆ, ನಮ್ಮವ್ವನ ಕಾಲು ಊದ್ಯಾವು ಅಂತ."

ದಾದಿ ನನ್ನನ್ನು ನೋಡಿದ ನೋಟ ಈಗಲೂ ಬೆನ್ನ ಮೇಲೆ ಇದ್ದ ಹಾಗಿದೆ. ನರ್ಸಮ್ಮ ಒಳಗೆ ಬಂದು ಯಾಡಿಯ ಕಾಲನ್ನು ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೇ ಉಳಿಯಿತು. ಅವರ ಮುಖದ ನಗು ಹೋಯಿತು. ಚೀಲದಿಂದ ಬಿ.ಪಿ. ನೋಡುವ ಪಟ್ಟಿ ತೆಗೆದು ಯಾಡಿಯ ತೋಳಿಗೆ ಸುತ್ತಲು ಹೋದರು. ಸುತ್ತಬೇಕಾದ ಜಾಗದಲ್ಲಿ ಬಳೆಗಳ ಸಾಲು ಇತ್ತು. ಮೇಲೆ ಸರಿಸಲು ನೋಡಿದರು, ಬರಲಿಲ್ಲ. ಕೆಳಗೆ ಸರಿಸಲು ನೋಡಿದರು, ಯಾಡಿ ಕೈ ಹಿಂದಕ್ಕೆ ಎಳೆದುಕೊಂಡಳು. ಮುಂಗೈಗೆ ಕಟ್ಟಿ ಕಿವಿಗೆ ನಳಿಕೆ ಇಟ್ಟುಕೊಂಡು ಕೇಳಿದರು, ಸರಿಯಾಗಿ ಕೇಳುವುದಿಲ್ಲ ಎಂದು ಬಿಚ್ಚಿದರು.

"ನೋಡವ್ವಾ, ನಿನ್ನ ರಕ್ತದ ಒತ್ತಡ ಎಷ್ಟೈತಿ ಅಂತ ನಂಗೆ ಗೊತ್ತಾಗಬೇಕು. ಕಣ್ಣ ಮುಂದೆ ಏನಾದ್ರೂ ಮಿಂಚಿದಂಗೆ ಆಗ್ತೈತೇನು?"

ಯಾಡಿ ದಾದಿಯ ಕಡೆ ನೋಡಿ, ನೆಲ ನೋಡಿ, ಆಗುತ್ತದೆ ಎಂದು ತಲೆಯಾಡಿಸಿದಳು. ನಮಗೆ ಯಾರಿಗೂ ಅವಳು ಅದನ್ನು ಹೇಳಿರಲಿಲ್ಲ.

"ಹಂಗಾದ್ರೆ ತಡ ಮಾಡಬಾರದು. ಒತ್ತಡ ಏರಿದ್ರೆ ತಾಯಿ ಮಗು ಇಬ್ಬರಿಗೂ ಅಪಾಯ. ಈ ಬಳಿ ಕತ್ತರಿಸಿ ತೆಗೀತೀನಿ. ಹೆರಿಗೆ ಆದ್ಮೇಲೆ ಹೊಸವು ಹಾಕಿಸ್ಕೊ."

ಅವರು ಕೆಡುಕಿನಿಂದ ಹೇಳಲಿಲ್ಲ. ಉಗುರು ಬೆಳೆದಿದೆ, ಕತ್ತರಿಸೋಣ ಎಂದಷ್ಟೇ ಸಹಜವಾಗಿ ಹೇಳಿದರು. ದಾದಿ ಎದ್ದು ನಿಂತಳು. ನರ್ಸಮ್ಮನ ಚೀಲವನ್ನು ಎತ್ತಿ ಹೊರಗಿನ ಸೈಕಲ್ ಮೇಲೆ ಇಟ್ಟು ಬಂದಳು. ನರ್ಸಮ್ಮ ಹೊರಡುವಾಗ ಹೊಸ್ತಿಲಲ್ಲಿ ನಿಂತು, ಹೆರಿಗೆ ಮನೆಯಲ್ಲಿ ಮಾಡಿಸಬೇಡಿ, ಶಿಕಾರಿಪುರಕ್ಕೆ ಕರಕೊಂಡು ಬನ್ನಿ, ತಡವಾದರೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ ಎಂದರು. ಕನ್ನಡದಲ್ಲಿ ಹೇಳಿದ ಆ ಕೊನೆಯ ಮಾತನ್ನು ನಾನು ನಮ್ಮ ಮಾತಿಗೆ ತಿರುಗಿಸಿ ದಾದಿಗೆ ಹೇಳಬೇಕಾಯಿತು. ಕನ್ನಡದಲ್ಲೇ ಅದು ಅವಳಿಗೆ ತಿಳಿದಿತ್ತು. ಆದರೂ ನನ್ನ ಬಾಯಿಂದ ಕೇಳಿಸಿಕೊಂಡಳು.

ಅವತ್ತು ಮಧ್ಯಾಹ್ನ ಅತ್ತೆ ಸೊಸೆ ನಡುವೆ ಜಗಳವಾಯಿತು. ನಮ್ಮ ಮನೆಯಲ್ಲಿ ಜಗಳವೆಂದರೆ ಚೀಲಗಳ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ಒಬ್ಬರನ್ನೊಬ್ಬರು ನೋಡದೆ ಮಾತಾಡುವುದು. ಯಾಡಿ ಒಲೆಯ ಕಡೆಯಿಂದ ಕೇಳಿದಳು.

"ಬಳೆ ಮುಖ್ಯವೋ, ನಾನೋ?"

"ನೀನಲ್ಲ, ಬಳೆಯೂ ಅಲ್ಲ. ನನ್ನ ಮಗ."

"ಅವನಿಗೆ ಏನಾಗ್ತದೆ? ಅವನು ಕಬ್ಬಿನ ಗದ್ದೆಯಲ್ಲಿ ಚೆನ್ನಾಗಿದಾನೆ."

"ಅವನಪ್ಪನೂ ಕಬ್ಬಿನ ಗದ್ದೆಯಲ್ಲಿ ಚೆನ್ನಾಗಿದ್ದ" ಎಂದಳು ದಾದಿ.

ಆಮೇಲೆ ಅವಳು ಸೆರಗು ಸರಿಸಿ ತೋಳನ್ನು ನನ್ನ ಮುಂದೆ ಚಾಚಿದಳು. ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವಳು ವಯಸ್ಸಿನಲ್ಲಿದ್ದಾಗ ಕಬ್ಬಿನ ಗಾಡಿ ಮಗುಚಿ ಆ ಕೈ ಮುರಿದಿತ್ತಂತೆ. ಯಾವುದೋ ದೂರದ ಊರಿನ ಆಸ್ಪತ್ರೆಗೆ ಒಯ್ದರು. ಗಂಡ ಗದ್ದೆಯಲ್ಲೇ ಉಳಿದಿದ್ದ. ಕೈ ಕಟ್ಟಬೇಕಾದರೆ ಬಳೆ ತೆಗೆಯಬೇಕು ಎಂದು ಗರಗಸದಂಥದ್ದರಲ್ಲಿ ದಂತದ ಬಳೆಗಳನ್ನು ಕೊಯ್ದು ಒಂದು ತಟ್ಟೆಗೆ ಹಾಕಿದರು. ಕಟ್ಟು ಬಿಚ್ಚುವ ಮೊದಲೇ ಗದ್ದೆಯಲ್ಲಿ ಅಜ್ಜನಿಗೆ ಹಾವು ಕಚ್ಚಿತು.

"ನೋಡು, ಕೈ ಎಷ್ಟು ನೆಟ್ಟಗೆ ಕೂಡಿಕೊಂಡಿದೆ" ಎಂದಳು ದಾದಿ, ತೋಳನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಾ. "ಡಾಕ್ಟರು ಒಳ್ಳೇ ಕೆಲಸ ಮಾಡಿದ. ಕೈ ನಂದು ಉಳೀತು. ಚಾಚಿದವಳೂ ನಾನೇ ಅಲ್ಲವಾ."

ಚೀಲಗಳ ಆಚೆ ಯಾಡಿ ಅಳುವ ಸದ್ದು ಕೇಳಿಸಿತು. ಅವಳಿಗೂ ಇದು ಹೊಸ ಸುದ್ದಿ. ತಾಂಡಾದಲ್ಲಿ ಮುದುಕಿಯರಿಗೆ ಮಾತ್ರ ಗೊತ್ತಿತ್ತು, ಹೆಂಗಸರು ನರ್ಸಮ್ಮನನ್ನು ಕಂಡರೆ ಹೊಲದ ಕಡೆ ಯಾಕೆ ನಡೆಯುತ್ತಿದ್ದರೆಂದು. ಚಿಕ್ಕವರು ಕಾರಣ ತಿಳಿಯದೆ ಅವರ ಹಿಂದೆ ನಡೆಯುತ್ತಿದ್ದರು. ಹೊರಗಿನವರು ಅದಕ್ಕೆ ಮೂಢನಂಬಿಕೆ ಎಂದು ಹೆಸರಿಟ್ಟರು. ಇರಬಹುದು. ನನಗೆ ಮಾತ್ರ ಆ ಮಧ್ಯಾಹ್ನ ಇಬ್ಬರ ಮಾತೂ ಸರಿ ಎನಿಸಿತ್ತು. ಬಳೆ ತೆಗೆಯದಿದ್ದರೆ ಯಾಡಿ ಹೋಗುತ್ತಾಳೆ, ತೆಗೆದರೆ ಬಾಪು ಹೋಗುತ್ತಾನೆ. ನನ್ನ ವಯಸ್ಸಿನ ತಲೆಗೆ ಮೂರನೆಯ ದಾರಿ ಹೊಳೆಯಲಿಲ್ಲ. ಅನ್ನ ಬೇಡವಾಯಿತು, ಸ್ಲೇಟು ಬೇಡವಾಯಿತು. ಯಾಡಿ ಹಿತ್ತಲಿಗೆ ಹೋದರೆ ಹಿಂದೆ ಹೋಗುತ್ತಿದ್ದೆ, ಮಲಗಿದರೆ ಹೊಟ್ಟೆ ಏರಿಳಿಯುತ್ತದೋ ಎಂದು ನೋಡುತ್ತಿದ್ದೆ.

ದಾರಿ ಹುಡುಕಿದ್ದು ಯಾಡಿ. ಕಬ್ಬಿನ ಸೀಮೆಗೆ ಹೋಗುವ ಲಾರಿಯವನ ಹತ್ತಿರ ಬಾಪುವಿಗೆ ಹೇಳಿಕಳಿಸಿದಳು, ಕೂಡಲೇ ಬರಬೇಕು ಎಂದಷ್ಟೇ. ಆಮೇಲೆ ಕಾಯುವುದು ಶುರುವಾಯಿತು. ಶಿಕಾರಿಪುರದ ಬಸ್ಸು ದಾರಿಯಲ್ಲಿ ನಿಂತು ಹೊರಡುವ ಸದ್ದು ನಮ್ಮ ಮನೆಗೆ ಕೇಳಿಸುತ್ತಿತ್ತು. ಪ್ರತಿ ಬಸ್ಸಿಗೂ ನಾನು ಬೇಲಿಯ ತನಕ ಓಡುತ್ತಿದ್ದೆ. ಯಾರೋ ಸಂತೆ ಚೀಲ ಹೊತ್ತು ಇಳಿಯುತ್ತಿದ್ದರು, ಯಾರೋ ಕುರಿ ಇಳಿಸಿಕೊಳ್ಳುತ್ತಿದ್ದರು. ವಾಪಸು ಬಂದಾಗ ದಾದಿ ನನ್ನ ಮುಖ ನೋಡಿ ಮತ್ತೆ ದಾರಿ ನೋಡುತ್ತಿದ್ದಳು. ಅವಳಿಗಿದ್ದ ಭಯ ಬೇರೆ. ಮಗ ಬರುವುದು ಬಸ್ಸಿನಲ್ಲೋ, ಯಾರಾದರೂ ಹೊತ್ತುಕೊಂಡೋ ಎಂಬುದು. ಪಕ್ಕದ ಮನೆಯವಳು ನೀರು ಹೊತ್ತು ಹೋಗುತ್ತಾ, "ಏನು, ಗಂಡನ್ನ ನೋಡದೆ ಹೆರಾಕೆ ಆಗವಲ್ದಾ ನಿನ್ನ ಸೊಸೆಗೆ?" ಎಂದು ಚುಚ್ಚಿದಳು. ದಾದಿ ಬೇರೆ ದಿನವಾಗಿದ್ದರೆ ಅವಳ ಕೊಡ ಇಳಿಸಿ ಜಗಳಕ್ಕೆ ನಿಲ್ಲುತ್ತಿದ್ದಳು. ಅವತ್ತು ಕೇಳಿಸಲೇ ಇಲ್ಲ ಎಂಬಂತೆ ಕೂತಳು.

ಬಾಪು ಬಂದದ್ದು ಒಂದು ಬೆಳಿಗ್ಗೆ, ಮೈಯೆಲ್ಲ ಸುಟ್ಟ ಕಬ್ಬಿನ ಮಸಿ. ಸ್ನಾನಕ್ಕೂ ನಿಂತಿರಲಿಲ್ಲ. ದಾದಿ ಅವನ ಕೈಕಾಲು ಮುಟ್ಟಿ ನೋಡಿದಳು, ಎಳೆ ಮಗುವನ್ನು ನೋಡುವ ಹಾಗೆ. ಯಾಡಿಯ ಮುಖ ಆ ಹೊತ್ತಿಗೆ ಊದಿ, ಕಣ್ಣು ಚಿಕ್ಕವಾಗಿದ್ದವು. ಬಾಪು ಅವಳನ್ನು ನೋಡಿ ಹೊಸ್ತಿಲಲ್ಲೇ ಕುಕ್ಕರಿಸಿದ. ಯಾಡಿ ಅತ್ತೆಯ ಮುಂದೆ ಗಂಡನ ಜೊತೆ ಮಾತಾಡುತ್ತಿರಲಿಲ್ಲ. ಅವತ್ತು ಆಡಿದಳು.

"ಈ ಬಳೆ ನಿನ್ನ ಹೆಸರಿನವು. ಯಾರೂ ಕತ್ತರಿಸೋದು ಬೇಡ. ನಾನೇ ತೆಗೆದು ನಿನ್ನ ಕೈಗೆ ಕೊಡ್ತೀನಿ. ಅವರು ನೋಡೋದು ನೋಡಲಿ. ನೋಡಿದ ಮೇಲೆ ನೀನೇ ತೊಡಿಸು. ನೀನು ಎದುರಿಗೇ ನಿಂತಿರುವಾಗ ಇದು ಸತ್ತವನ ಬಳೆ ಹೇಗಾಗ್ತದೆ?"

ಬಾಪು ತಾಯಿಯ ಕಡೆ ನೋಡಿದ. ನಾನು ಬಾಗಿಲ ಚೌಕಟ್ಟಿಗೆ ಉಗುರು ಒತ್ತಿಕೊಂಡು ನಿಂತಿದ್ದೆ.

"ನೆಲಕ್ಕೆ ಇಡಬಾರದು" ಎಂದಳು ದಾದಿ ಕೊನೆಗೆ. "ತಟ್ಟೆಗೂ ಹಾಕಬಾರದು. ಬೇರೆಯವರ ಕೈಗೂ ಕೊಡಬಾರದು. ನನ್ನ ಎದುರಿಗೇ ಆಗಬೇಕು."

ಎತ್ತಿನ ಗಾಡಿಯಲ್ಲಿ ಶಿಕಾರಿಪುರಕ್ಕೆ ಹೋದೆವು. ದಾದಿ ಒಂದು ಗಿಂಡಿಯಲ್ಲಿ ಎಣ್ಣೆ ತಂದಿದ್ದಳು. ಆಸ್ಪತ್ರೆಯ ಜಗುಲಿಯ ಮೂಲೆಯಲ್ಲಿ ಅವಳೇ ಸೊಸೆಯ ತೋಳಿಗೆ ಎಣ್ಣೆ ತಿಕ್ಕಿದಳು. ಊದಿದ ಕೈಯಿಂದ ಬಳೆ ಜಾರುವುದು ಸುಲಭವಿರಲಿಲ್ಲ. ಮೊಣಕೈ ದಾಟುವಾಗ ಯಾಡಿ ತುಟಿ ಕಚ್ಚಿದಳು. ಪ್ರತಿ ಬಳೆ ಹೊರಬಂದಾಗಲೂ ದಾದಿ ಮಗನ ಎದೆ ನೋಡುತ್ತಿದ್ದಳು, ಉಸಿರು ಆಡುತ್ತಿದೆಯೋ ಎಂದು. ನಾನೂ ನೋಡುತ್ತಿದ್ದೆ. ಬಾಪು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ತಾನೇ ತೊಡಲು ಹೋದ. ಅವನ ಕೈ ಕತ್ತಿ ಹಿಡಿದು ದಪ್ಪವಾಗಿತ್ತು, ಬಳೆಗಳು ಬೆರಳ ಗೆಣ್ಣಿನ ಹತ್ತಿರವೇ ಸಿಕ್ಕಿಕೊಂಡವು. ಹಾಗೇ ನಾಲ್ಕು ಬೆರಳಿಗೆ ಸಿಕ್ಕಿಸಿಕೊಂಡು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಕ್ಕರು.

"ಏನಣ್ಣ, ಬಳಿ ವ್ಯಾಪಾರ ಶುರು ಮಾಡಿಯೇನು?"

"ವ್ಯಾಪಾರ ಅಲ್ಲಣ್ಣ" ಎಂದ ಬಾಪು. "ಹಿಡ್ಕೊ ಅಂತ ಕೊಟ್ಟಾಳೆ."

ಒಳಗೆ ಯಾಡಿಯ ತೋಳಿಗೆ ಪಟ್ಟಿ ಸುತ್ತಿದರು. ಬಳೆ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮೆತ್ತಗೆ, ಇನ್ಯಾರದೋ ಮೈಯಂತೆ ಕಾಣುತ್ತಿತ್ತು. ಪಟ್ಟಿ ಉಬ್ಬುತ್ತಾ ಹೋಯಿತು. ಯಾಡಿ ಡಾಕ್ಟರನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತ ಬಾಪುವನ್ನೇ ನೋಡುತ್ತಿದ್ದಳು. ಡಾಕ್ಟರು ಎರಡನೇ ಸಲ ಪಟ್ಟಿ ಊದಿಸಿ ನೋಡಿ, ಇವರನ್ನು ವಾಪಸು ಕಳಿಸುವ ಹಾಗಿಲ್ಲ ಎಂದರು. ಪಟ್ಟಿ ಬಿಚ್ಚಿದ ಕೂಡಲೇ ಯಾಡಿ ಕೈ ಚಾಚಿದಳು. ಬಾಪು ಒಂದೊಂದಾಗಿ ತೊಡಿಸಿದ. ಮತ್ತೆ ನೋಡಬೇಕಾದಾಗ ಮತ್ತೆ ತೆಗೆದು ಅವನ ಕೈಗೆ ಕೊಟ್ಟಳು. ಅವಳು ಅಲ್ಲಿದ್ದಷ್ಟು ದಿನವೂ ಬಾಪು ಆ ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ನನ್ನ ತಮ್ಮ ಹುಟ್ಟಿದ, ಸಣ್ಣವನು, ಆದರೆ ಅಳುವ ಶಕ್ತಿ ಇದ್ದವನು. ಯಾಡಿ ಉಳಿದಳು. ಬಾಪುವೂ ಉಳಿದ. ದಾದಿ ಮನೆಗೆ ಬಂದ ಮೇಲೆ ಹೊಸ್ತಿಲ ಪಕ್ಕ ಕೂತು, ಯಾರನ್ನೂ ಬೈಯದೆ, ಇಡೀ ಸಂಜೆ ತನ್ನ ಖಾಲಿ ತೋಳನ್ನು ಸವರಿಕೊಳ್ಳುತ್ತಿದ್ದಳು. ತನ್ನವನನ್ನೂ ಆಗ ಕರೆಸಬಹುದಿತ್ತು ಎಂದು ಅವಳಿಗೆ ಅನಿಸಿರಬೇಕು.

ಮರುವರ್ಷದಿಂದ ತಾಂಡಾದ ಬಸುರಿಯರು ಗಂಡಂದಿರ ಜೊತೆ ಆಸ್ಪತ್ರೆಗೆ ಹೋಗತೊಡಗಿದರು. ಯಾಡಿಗೆ ಒತ್ತಡದ ಕಾಯಿಲೆ ಹೋಗಲೇ ಇಲ್ಲ. ಮಾತ್ರೆ ನುಂಗುತ್ತಾ, ಆಗಾಗ ತೋರಿಸಿಕೊಳ್ಳುತ್ತಾ ಬಂದಳು. ಪ್ರತಿ ಸಲವೂ ಬಾಪು ಜೊತೆಗೆ ಹೋಗಿ, ಬೆರಳಿಗೆ ಬಳೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ. ಇಬ್ಬರೂ ಮುದುಕರಾದರು. ಬಳೆಗಳು ಸಡಿಲವಾದವು, ಎಣ್ಣೆ ಬೇಕಾಗಲಿಲ್ಲ. "ಬಳಿ ಹಿಡಿಯೋ ಯಜಮಾನ್ರು ಬಂದ್ರು" ಎಂದು ಸಿಸ್ಟರ್‌ಗಳು ನಗುತ್ತಿದ್ದರಂತೆ. ಬಾಪುವಿಗೆ ಅದು ಇಷ್ಟವೇ ಆಗುತ್ತಿತ್ತು.

ಬಾಪು ಹೋದ ದಿನ ಹೆಂಗಸರು ಸೇರಿ ಆ ಬಳೆಗಳನ್ನು ತೆಗೆದರು. ಆಮೇಲೆ ನಾನು ಯಾಡಿಯನ್ನು ಜಡೆಗೆ ಕರೆತಂದೆ. ಇನ್ನು ತೋಳು ಖಾಲಿ, ಬಿ.ಪಿ. ನೋಡುವುದು ಯಾರಿಗೂ ಕಷ್ಟವಿಲ್ಲ, ಮನೆಯ ಬಾಗಿಲಿಗೇ ಆಶಾ ಹುಡುಗಿ ಮಷಿನ್ ತರುತ್ತಿದ್ದಳು. ಯಾಡಿ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. "ಯಾಕೆ ಯಾಡಿ, ಈಗೇನು ತೊಂದರೆ?" ಎಂದು ನಾನು ಕೇಳುತ್ತಿದ್ದೆ, ಕೆಲವೊಮ್ಮೆ ಸಿಟ್ಟಿನಿಂದಲೇ. "ಈಗ ಹಿಡಿದು ನಿಲ್ಲೋರು ಯಾರು?" ಎನ್ನುತ್ತಿದ್ದಳು. ನಾನು ಮಾತ್ರೆಗಳನ್ನು ಅವಳ ಅಂಗೈಗೆ ಹಾಕಿ ನುಂಗುವ ತನಕ ನಿಲ್ಲುತ್ತಿದ್ದೆ. ಆದರೂ ರೊಟ್ಟಿ ತಟ್ಟುವ ಸದ್ದು ಇಲ್ಲದ ಮನೆಯಲ್ಲಿ ಅವಳ ಆರೋಗ್ಯ ಹೇಗಿದೆಯೆಂದು ತಿಳಿಯುವ ದಾರಿ ನನಗೆ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಎಬ್ಬಿಸಿದಾಗ ಮಾತು ಹೋಗಿತ್ತು.

ಸೊರಬದ ಆಸ್ಪತ್ರೆಯಲ್ಲಿ ಹಾಸಿಗೆಯ ಮೇಲೆ ಮಲಗಿಸಿದೆವು. ಬಲಗೈ ಸೋತಿತ್ತು, ನಿಧಾನವಾಗಿ ಅಲುಗಾಡುತ್ತಿತ್ತು. ಸಿಸ್ಟರ್ ಪಟ್ಟಿ ಹಿಡಿದು ಎಡಗಡೆ ಬಂದು, "ಅಜ್ಜೀ, ಕೈ ಕೊಡ್ರೀ" ಎಂದಳು. ಯಾಡಿಗೆ ಅದು ಅರ್ಥವಾಯಿತು. ಅವಳು ಸೆರಗಿನಡಿ ಬಚ್ಚಿಡಲಿಲ್ಲ. ಸೋತ ಬಲಗೈಯನ್ನು ಎತ್ತಿ ಎಡತೋಳಿನ ಮೇಲೆ ಇಟ್ಟಳು. ಆ ಬೆರಳುಗಳು ಬರಿಯ ಚರ್ಮದ ಮೇಲೆ ಮೊಣಕೈ ದಾಟಿ, ಮುಂಗೈ ದಾಟಿ, ತುದಿಯ ತನಕ ಇಳಿದು ಬಂದವು. ಆಮೇಲೆ ಬಲಗೈಯ ಮುಷ್ಟಿಯನ್ನು ಹಾಸಿಗೆಯ ಪಕ್ಕಕ್ಕೆ ಚಾಚಿ ಹಿಡಿದಳು. ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಏನು ಕೊಡ್ತಾ ಇದಾರೆ?" ಎಂದು ಸಿಸ್ಟರ್ ಕೇಳಿದಳು.

ನಾನು ಎದ್ದು ಬಾಗಿಲಿಗೂ ಹಾಸಿಗೆಗೂ ನಡುವೆ ನಿಂತೆ. ನಾಲ್ಕು ಬೆರಳು ಚಾಚಿದೆ. ಅವಳ ಮುಷ್ಟಿ ಬಿಚ್ಚಿಕೊಂಡಿತು. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಹಾಗೇ ನಿಂತೆ, ಪಟ್ಟಿ ಉಬ್ಬಿ, ಇಳಿಯುವ ತನಕ. ಸಿಸ್ಟರ್ ಪಟ್ಟಿ ಬಿಚ್ಚಿದ ಮೇಲೂ ಯಾಡಿ ತೋಳು ಮಡಚಲಿಲ್ಲ. ಕಾಯುತ್ತಿದ್ದಳು. ನಾನು ಹತ್ತಿರ ಹೋಗಿ, ಅವಳ ಬೆರಳ ತುದಿಯಿಂದ ಮೊಣಕೈ ಮೇಲಿನ ತನಕ, ಒಂದೊಂದಾಗಿ ಏರಿಸಿದೆ.